ದೊಡ್ಡೂರಿನ ಮಿಷನ್ನು

ಹೂವಿನಹಡಗಲಿ
9 ಜನವರಿ 2006

ಚಿ. ಗವಿಸಿದ್ದೇಶನಿಗೆ ವೀರಭದ್ರಯ್ಯ ಮಾವನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅತ್ತೆ, ವಾಣಿಶ್ರೀ ಎಲ್ಲರೂ ಆರಾಮ. ನಿನ್ನ ಅವ್ವನ ಮಂಡಿನೋವು ಹೇಗಿದೆ ತಿಳಿಸು. ಫೋನ್ ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀಯ. ನನ್ನ ಕಿವಿಯ ಸ್ಥಿತಿ ನಿನಗೆ ಗೊತ್ತು. ಹಿಂದಿನ ಸಲ ನೀನು ಫೋನಿನಲ್ಲಿ "ಅವ್ವ ಮಲಗ್ಯಾಳ್ರಿ" ಅಂದದ್ದು ನನಗೆ "ಅವ್ವ ಮಾಗಳದಾಗ ಅದಾಳ್ರಿ" ಎಂದು ಕೇಳಿಸಿತು. ತಂಗಿ ಇಷ್ಟು ಹತ್ತಿರ ಬಂದೂ ನಮ್ಮ ಮನೆಗೆ ಬರಲಿಲ್ಲವೆಂದು ಸಿಟ್ಟಾಗಿ, ಬಸ್ ಹತ್ತಿ ಮಾಗಳಕ್ಕೆ ಹೋಗಿ ಬಂದೆ. ಆದ್ದರಿಂದ ಪತ್ರವೇ ಸರಿ. ಬರೆದದ್ದನ್ನು ಎರಡು ಸಲ ಓದಬಹುದು.

ವಿಷಯಕ್ಕೆ ಬರುತ್ತೇನೆ. ಹೊಸಪೇಟೆಯಲ್ಲಿ ನಮ್ಮ ಪತ್ರಿಕೆ ಏಜೆಂಟರ ಸಭೆ ಇತ್ತು. ನಿಮ್ಮ ಕೊಟ್ಟೂರಿನ ಮಂಜಣ್ಣ ಸಿಕ್ಕಿದ್ದ. ಅವನು ಅಲ್ಲಿ ಪತ್ರಿಕೆ ಹಂಚುವುದರ ಜೊತೆಗೆ ಸುದ್ದಿಯನ್ನೂ ಕಳಿಸುತ್ತಾನೆ. ನನ್ನ ಕಿವಿಯ ಹತ್ತಿರ ಬಾಯಿ ತಂದು, "ನಿಮ್ಮ ಅಳಿಯ ಭಾರಿ ಅದಾನ ಬಿಡ್ರಿ ಸ್ವಾಮೇರ. ದಿನಾ ಒಂದಾದ್ರೂ ಮಿಷನ್ ಮುಗಸ್ತಾನಂತ. ಚಾದಂಗಡ್ಯಾಗ ಹುಡುಗ್ರು ಅವನ್ದ ಮಾತಾಡ್ತಾರ" ಎಂದ.

ಕೇಳಿ ಸಂತೋಷವಾಯಿತು. ನೀನು ಇಟ್ಟಿರುವುದು ಕಂಪ್ಯೂಟರ್ ಕೇಂದ್ರ, ಅಲ್ಲಿ ಟೈಪಿಂಗ್, ಅರ್ಜಿ, ಲಗ್ನಪತ್ರಿಕೆ ಇಷ್ಟೇ ಎಂದು ತಿಳಿದಿದ್ದೆ. ಮಿಷನ್ ಕೆಲಸಕ್ಕೂ ಕೈ ಹಾಕಿದ್ದು ಗೊತ್ತಿರಲಿಲ್ಲ. ಯಾವ ಮಿಷನ್ನು? ಹೊಲಿಗೆಯದೋ, ಗಿರಣಿಯದೋ?

ಶಿವರಾತ್ರಿ ಮುಗಿದ ಮೇಲೆ ನಿನ್ನ ಮತ್ತು ನಮ್ಮ ವಾಣಿಯ ನಿಶ್ಚಯ ಮಾಡಿಬಿಡೋಣ ಎಂದಿದೆ. ಹತ್ತು ಜನ ಸೇರಿದಾಗ ಹುಡುಗ ಏನು ಮಾಡುತ್ತಾನೆ ಎಂದು ಕೇಳಿಯೇ ಕೇಳುತ್ತಾರೆ. ಸೋದರಳಿಯ ಎಂದು ನಾನು ಸುಮ್ಮನೆ ಹೊಗಳುವವನಲ್ಲ. ಆ ಕೆಲಸದ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆ.

ವೀರಭದ್ರಯ್ಯ


ಕೊಟ್ಟೂರು
15 ಜನವರಿ 2006

ಮಾವನವರಿಗೆ ಗವಿಸಿದ್ದೇಶನ ನಮಸ್ಕಾರಗಳು.

ಅವ್ವ ಪರವಾಗಿಲ್ಲ. ಎಣ್ಣೆ ತಿಕ್ಕಿಕೊಂಡು ಬಿಸಿಲಿಗೆ ಕೂರುತ್ತಾಳೆ.

ನಿಮ್ಮ ಪತ್ರದಲ್ಲಿ 'ಮಿಷನ್' ಎಂದು ಓದಿದ ಕೂಡಲೇ ಸಿಕ್ಕಿಬಿದ್ದೆ ಅಂದುಕೊಂಡೆ. ಮುಂದೆ 'ಸಂತೋಷವಾಯಿತು' ಎಂದು ಇದ್ದದ್ದು ನೋಡಿ ಜೀವ ಬಂದಂತಾಯಿತು. ಹೊಲಿಗೆಯದೋ ಗಿರಣಿಯದೋ ಎಂದು ನೀವು ಚೇಷ್ಟೆ ಮಾಡಿದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. ಅವಳಿಗೆ ಮಿಷನ್ ಎಂದರೆ ಹಿಟ್ಟಿನ ಗಿರಣಿ ಮಾತ್ರ. ನಿಮಗೆ ಗೊತ್ತಾದರೆ ಬೈಯುತ್ತೀರಿ ಎಂದು ಇಷ್ಟು ದಿನ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಟೈಪಿಂಗ್‌ಗಿಂತ ಈಗ ಇದೇ ಹೆಚ್ಚು. ಸಂಜೆ ಕಾಲೇಜು ಬಿಟ್ಟ ಮೇಲೆ ಹುಡುಗರು ಪಾಳಿ ಹಚ್ಚುತ್ತಾರೆ.

ನೀವು ಒಳ್ಳೆಯದು ಕೆಟ್ಟದ್ದು ಎರಡೂ ಕೇಳಿದ್ದೀರಿ. ಎಲ್ಲ ನಡೆಯುವುದು ದೊಡ್ಡೂರಿನಲ್ಲಿ. ಅದರ ಇಂಗ್ಲಿಷ್ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊಂದುವುದಿಲ್ಲ, ಹೀಗಾಗಿ ಎಲ್ಲರೂ ದೊಡ್ಡೂರು ಅಂತಲೇ ಅನ್ನುತ್ತೇವೆ. ದೊಡ್ಡೂರಿನ ದೊಡ್ಡ ಗುಣವೆಂದರೆ, ಇಂಥಲ್ಲೇ ಹೋಗಬೇಕು ಎಂದು ಯಾರೂ ಹೇಳುವುದಿಲ್ಲ. ಮಿಷನ್ ಮಾಡಲು ಮನಸ್ಸಿಲ್ಲದಿದ್ದರೆ ಬಿಟ್ಟು ಸಮುದ್ರದ ದಂಡೆಯಲ್ಲಿ ಅಡ್ಡಾಡಬಹುದು. ರಸ್ತೆಯಲ್ಲಿ ಯಾವ ಕಾರು ಹಿಡಿಸಿತೋ ಅದರ ಬಾಗಿಲು ತೆಗೆದು ಹತ್ತಬಹುದು. ಪ್ರತಿ ಕಾರಿನಲ್ಲಿಯೂ ರೇಡಿಯೊ ಇದೆ. ಸತ್ತರೂ ಚಿಂತೆ ಇಲ್ಲ, ಆಸ್ಪತ್ರೆಯ ಮುಂದೆ ಎದ್ದು ನಿಲ್ಲುತ್ತೇವೆ.

ಕೊರತೆಯೂ ಇದೆ. ಪೊಲೀಸರು ಬಹಳ ದಡ್ಡರು. ಬೆನ್ನು ಹತ್ತುತ್ತಾರೆ, ಆದರೆ ಕಾರಿಗೆ ಬೇರೆ ಬಣ್ಣ ಹೊಡೆಸಿದರೆ ಗುರುತೇ ಹಿಡಿಯುವುದಿಲ್ಲ. ಮಾಲೀಕರು ಬೇರೆ ಬೇರೆ ಆದರೂ ಹೇಳುವ ಕೆಲಸ ಒಂದೇ ಥರ: ಇಲ್ಲಿಂದ ಎತ್ತು, ಅಲ್ಲಿ ಇಳಿಸು, ಅಡ್ಡ ಬಂದವನಿಗೆ ಹೊಡೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಕರೆಂಟಿನದು. ಮುಗಿಸಿದ್ದನ್ನು ಮನೆ ಮುಟ್ಟಿಸಿ ಉಳಿಸಿಕೊಳ್ಳುವುದರೊಳಗೆ ಕರೆಂಟ್ ಹೋದರೆ ಅಷ್ಟೂ ಹೋಯಿತು. ಮೊನ್ನೆ ಹಾಗೆಯೇ ಎರಡು ಮಿಷನ್ ಹೋದವು. ಹುಡುಗರು ಅಳುವುದೊಂದು ಬಾಕಿ.

ಏನೇ ಆದರೂ ಇದು ಆಟ ಮಾವ. ನೀವು ತಪ್ಪು ತಿಳಿಯದೇ ಇದ್ದದ್ದು ನನ್ನ ಪುಣ್ಯ.

ಗವಿಸಿದ್ದೇಶ


ಹೂವಿನಹಡಗಲಿ
24 ಜನವರಿ 2006

ಚಿ. ಗವಿಸಿದ್ದೇಶನಿಗೆ ಆಶೀರ್ವಾದ.

ನಿನ್ನ ಪತ್ರ ಎರಡು ಸಲ ಓದಿದೆ. ಮೂರನೇ ಸಲವೂ ಓದಿದೆ. ಕೆಲವು ಸಂಗತಿ ಸ್ಪಷ್ಟವಾಗಲಿಲ್ಲ.

ದೊಡ್ಡೂರು ಎಲ್ಲಿದೆ? ಇಲ್ಲಿಯ ಡಿಪೋದಲ್ಲಿ ಕಂಡಕ್ಟರ್ ಬೊಮ್ಮಪ್ಪನನ್ನು ಕೇಳಿದೆ. ಹರಪನಹಳ್ಳಿ ಕಡೆಗೂ ಇಲ್ಲ, ಹಗರಿಬೊಮ್ಮನಹಳ್ಳಿ ಕಡೆಗೂ ಇಲ್ಲ, ಸಮುದ್ರವಿರುವ ಊರಿಗೆ ತಮ್ಮ ಡಿಪೋದಿಂದ ಬಸ್ಸೇ ಇಲ್ಲ ಎಂದ. ಅಷ್ಟು ದೂರ ದಿನಾ ಹೋಗಿ ಸಂಜೆ ಅಂಗಡಿಯಲ್ಲಿ ಹೇಗೆ ಇರುತ್ತೀಯ?

ಹಿಡಿಸಿದ ಕಾರು ಹತ್ತಬಹುದು ಎಂದಿದ್ದೀಯ. ಬಾಡಿಗೆ ಕಾರು ಎಂದುಕೊಂಡಿದ್ದೇನೆ. ಸತ್ತರೂ ಎದ್ದು ನಿಲ್ಲುತ್ತೇವೆ ಎಂಬುದು ವಯಸ್ಸಿನ ಹುಮ್ಮಸ್ಸಿನ ಮಾತು, ಇರಲಿ. ಇಷ್ಟು ಕಷ್ಟದ ಕೆಲಸವನ್ನು ಆಟ ಎಂದಿರುವುದು ಸಹ ಮೆಚ್ಚುವಂಥದೇ. ಕರೆಂಟಿಗೆ ಮಿಷನ್ ಸುಡುತ್ತಿದ್ದರೆ ಸ್ಟೆಬಿಲೈಸರ್ ಹಾಕಿಸು. ನಮ್ಮ ಪಕ್ಕದ ಗಿರಣಿಯವರು ಹಾಕಿಸಿದ್ದಾರೆ.

ಆದರೆ ಪೊಲೀಸರು ಗುರುತು ಹಿಡಿಯುವುದಿಲ್ಲ ಎಂದು ಕೊರತೆ ಹೇಳಿದ್ದೀಯಲ್ಲ, ಇದು ಅರ್ಥವಾಗಲಿಲ್ಲ. ಪೊಲೀಸರು ನಿನ್ನ ಗುರುತು ಯಾಕೆ ಹಿಡಿಯಬೇಕು? ಹೊಡೆಯುವುದು ಯಾರನ್ನು?

ನಿನ್ನ ಪತ್ರವನ್ನು ವಾಣಿಗೆ ತೋರಿಸಿಲ್ಲ. ನನಗೆ ತಿಳಿದ ಮೇಲೆ ತೋರಿಸುತ್ತೇನೆ.

ವೀರಭದ್ರಯ್ಯ


ಹೂವಿನಹಡಗಲಿ
31 ಜನವರಿ 2006

ಗವಿಸಿದ್ದೇಶನಿಗೆ,

ಹಿಂದಿನ ಪತ್ರಕ್ಕೆ ನಿನ್ನ ಉತ್ತರ ಬರುವ ಮೊದಲೇ ಈ ಕಾರ್ಡು ಬರೆಯಬೇಕಾಯಿತು. ಇಂದಿನ ಪತ್ರಿಕೆ ತೆಗೆದುಕೋ. ನಾಲ್ಕನೇ ಪುಟ, ಎಡಗಡೆ ಕೆಳಗೆ. ಕಾರ್ಡನ್ನು ಅಂಚೆಯವರೂ ಓದುತ್ತಾರೆ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಓದಿ ನಿನ್ನ ಮನಸ್ಸಿಗೆ ಏನನ್ನಿಸಿತು ತಿಳಿಸು.

ವಾಣಿಗೆ ಶಾಲೆಯಿಂದ ಶಿಕ್ಷಕರ ತರಬೇತಿ ಬಂದಿದೆ. ನಿಶ್ಚಯದ ಮಾತು ಸದ್ಯಕ್ಕೆ ಬೇಡ.

ವೀರಭದ್ರಯ್ಯ


ಕೊಟ್ಟೂರು
4 ಫೆಬ್ರವರಿ 2006

ಮಾವನವರಿಗೆ ನಮಸ್ಕಾರಗಳು.

ದೊಡ್ಡೂರಿನ ಬಸ್ಸು, ಸ್ಟೆಬಿಲೈಸರ್ ಎಂದು ಹಿಂದಿನ ಪತ್ರದಲ್ಲಿ ನೀವು ಮಾಡಿದ ಚೇಷ್ಟೆಗೆ ಉತ್ತರ ಬರೆಯುವಷ್ಟರಲ್ಲಿ ಕಾರ್ಡು ಬಂತು. ಬಂದ ಕೂಡಲೇ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಹೋಗಿ, ಕಟ್ಟಿನಲ್ಲಿ ಉಳಿದಿದ್ದ ಹಳೆಯ ಪತ್ರಿಕೆ ಹುಡುಕಿಸಿದೆ. ನಾಲ್ಕನೇ ಪುಟ, ಎಡಗಡೆ ಕೆಳಗೆ ಇದ್ದದ್ದನ್ನು ಅಲ್ಲೇ ನಿಂತು ಓದಿದೆ. ಹೆಸರು ಹಾಕಿಲ್ಲ ಅಷ್ಟೇ, ನನ್ನ ಬಗ್ಗೆಯೇ ಬರೆದಂತಿತ್ತು. ಬರೆದದ್ದು ಪೂರಾ ಸುಳ್ಳು ಎಂದು ನಾನು ವಾದಿಸುವುದಿಲ್ಲ. ನನ್ನ ಅಂಗಡಿಯಲ್ಲಿ ನಡೆಯುವುದು ಅದೇ.

ನಿಶ್ಚಯ ಯಾಕೆ ಮುಂದೆ ಹೋಯಿತು ಎಂಬುದು ಈಗ ತಿಳಿಯಿತು. ತರಬೇತಿಯ ನೆಪ ಬೇಡವಾಗಿತ್ತು. ನೀವು ಒಂದು ಮಾತು ಹೇಳಿದರೆ ಸಾಕು. ಅಂಗಡಿಯಲ್ಲಿರುವ ಮಿಷನ್‌ಗಳನ್ನೆಲ್ಲ ಅಳಿಸಿ ಹಾಕುತ್ತೇನೆ. ಐದು ನಿಮಿಷದ ಕೆಲಸ. ಅಲ್ಲಿ ಅಂಥದ್ದೊಂದು ಇತ್ತು ಎನ್ನುವ ಗುರುತು ಸಹ ಉಳಿಯುವುದಿಲ್ಲ. ಹುಡುಗರು ಬೈದುಕೊಳ್ಳುತ್ತಾರೆ, ಬೈಯಲಿ. ವಾಣಿಗಿಂತ ನನಗೆ ದೊಡ್ಡೂರು ದೊಡ್ಡದಲ್ಲ.

ಗವಿಸಿದ್ದೇಶ


ಹೂವಿನಹಡಗಲಿ
9 ಫೆಬ್ರವರಿ 2006

ಗವಿಸಿದ್ದೇಶನಿಗೆ,

ನೀನು ನಿನ್ನ ಕೈಯಾರೆ ಬರೆದು ಒಪ್ಪಿಕೊಂಡಿದ್ದೀಯ.

ಪತ್ರಿಕೆಯಲ್ಲಿ ಬಂದದ್ದನ್ನು ಅಕ್ಷರಕ್ಕೆ ಅಕ್ಷರ ಇಲ್ಲಿ ಇಳಿಸುತ್ತೇನೆ, ಮತ್ತೊಮ್ಮೆ ಓದಿಕೋ: 'ಹೊಲಿಗೆ ಯಂತ್ರ ಕಳವು. ಕೊಟ್ಟೂರು, ಜ. 30: ಪಟ್ಟಣದ ಬಸ್ ನಿಲ್ದಾಣದ ಹಿಂಭಾಗದ ಓಣಿಯ ನಿವಾಸಿ ನಾಗಕ್ಕ ಅವರ ಹೊಲಿಗೆ ಯಂತ್ರ ಕಳುವಾಗಿದ್ದು, ಅವರ ಜೀವನೋಪಾಯಕ್ಕೆ ತೊಂದರೆಯಾಗಿದೆ. ಕಳ್ಳರ ಸುಳಿವು ಸಿಕ್ಕಿಲ್ಲ.'

ನಿನ್ನ ಅಂಗಡಿ ಇರುವುದೂ ಅದೇ ಓಣಿಯಲ್ಲಿ. ಎತ್ತುವುದು, ಇಳಿಸುವುದು, ಕಾರಿಗೆ ಬಣ್ಣ ಹೊಡೆಸುವುದು, ಎಲ್ಲವನ್ನೂ ನೀನೇ ಮೊದಲು ಬರೆದಿದ್ದೆ. ನಾನು ಬಾಡಿಗೆ ಕಾರು ಎಂದುಕೊಂಡೆ. ಈಗ ಐದು ನಿಮಿಷದಲ್ಲಿ ಅಳಿಸುತ್ತೇನೆ, ಗುರುತೂ ಸಿಗುವುದಿಲ್ಲ ಎನ್ನುತ್ತೀಯ. ಕಬ್ಬಿಣದ ಮಿಷನ್ನನ್ನು ಐದು ನಿಮಿಷದಲ್ಲಿ ಹೇಗೆ ಅಳಿಸುತ್ತೀಯೋ ನನಗೆ ತಿಳಿಯದು. ತಿಳಿಯುವುದೂ ಬೇಡ.

ಏನನ್ನೂ ಅಳಿಸಬೇಡ. ನಾಗಕ್ಕನ ವಸ್ತು ನಾಗಕ್ಕನಿಗೆ ಮುಟ್ಟಿಸು. ಆಮೇಲೆ ಸ್ಟೇಷನ್ನಿಗೆ ಹೋಗಿ ನೀನೇ ಹೇಳು. ತಂಗಿಯ ಮುಖ ನೋಡಿ ಶಿವರಾತ್ರಿಯವರೆಗೆ ಸುಮ್ಮನಿರುತ್ತೇನೆ. ವಾಣಿಗೆ ಇನ್ನೂ ಹೇಳಿಲ್ಲ. ಅವಳು ಪಾಠದ ಟಿಪ್ಪಣಿ ಬರೆಯುತ್ತಾ ಹಾಡು ಗುನುಗುತ್ತಿದ್ದಾಳೆ. ಹೇಗೆ ಹೇಳಲಿ?

ವೀರಭದ್ರಯ್ಯ


ಕೊಟ್ಟೂರು
13 ಫೆಬ್ರವರಿ 2006

ಮಾವನವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಆಮೇಲೆ ಪತ್ರ ಕಿಸೆಯಲ್ಲಿಟ್ಟುಕೊಂಡು ನಾಗಕ್ಕನ ಮನೆಗೆ ಹೋದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಗಕ್ಕ ಕಟ್ಟೆಯ ಮೇಲೆ ಕೂತು ಅವರೆ ಸುಲಿಯುತ್ತಿದ್ದಳು. "ನಾಗಕ್ಕಾ, ನಿನ್ನ ಮಿಷನ್ ಯಾರು ಕದ್ರು?" ಎಂದೆ.

"ಯಾರು ಕದ್ರಲೇ? ಕುಡ್ಲಿಗ್ಯಾಗ ಐತಿ. ನನ್ನ ತಮ್ಮ ಎರ್ರೆಪ್ಪ ರಿಪೇರಿಗೆ ಒಯ್ದಾನ."

"ಮತ್ತ ಪೇಪರ್‍ನ್ಯಾಗ ಕಳುವಾಗೈತಿ ಅಂತ ಬಂದೈತಲ್ಲ."

"ನನ್ ಹೆಸ್ರು ಪೇಪರ್‍ನ್ಯಾಗ ಬಂದೈತಾ? ಯಾರೂ ಹೇಳ್ಲೇ ಇಲ್ಲ ನೋಡು!" ಎಂದು ಅವರೆಯ ಪುಟ್ಟಿ ಬದಿಗಿಟ್ಟು ಎದ್ದಳು. ನೆನಪು ಮಾಡಿಕೊಂಡು ಹೇಳಿದಳು, "ಆ ಪೇಪರ್ ಮಂಜಣ್ಣ ಸೈಕಲ್ ಮ್ಯಾಲ ಹೊಂಟಿದ್ದ. ಯಾಕಬೇ ಸುಮ್ಕ ಕುಂತೀದಿ ಅಂದ. ಮಿಷನ್ ಹೋತಪ್ಪ ಅಂದೆ. ಅಯ್ಯೋ ಪಾಪ ಅಂದು ಹೋದ. ನನಗೇನ್ ಗೊತ್ತು, ಅವ ಅದನ್ನ ಒಯ್ದು ಅಚ್ಚ ಹಾಕಸ್ತಾನ ಅಂತ!"

ಮಿಷನ್ ಹೋತು ಎಂದರೆ ಕೆಟ್ಟಿತು ಎಂದು ನಾಗಕ್ಕ ಅಂದಳು. ಯಾರೋ ಒಯ್ದರು ಎಂದು ಮಂಜಣ್ಣ ತಿಳಿದ. ನಾನು ಕರೆಂಟಿಗೆ ಎರಡು ಮಿಷನ್ ಹೋದವು ಎಂದು ಬರೆದಾಗ ನೀವು ಸುಟ್ಟವು ಎಂದು ತಿಳಿದಿರಿ. ಎಲ್ಲ ಸೇರಿ ನಾನು ಕಳ್ಳನಾದೆ.

ನೀವು ಇಳಿಸಿದ ಸುದ್ದಿಯನ್ನು ನಾನು ಓದಿಯೇ ಇರಲಿಲ್ಲ ಮಾವ. ಹರಪನಹಳ್ಳಿ ಕಡೆಯ ಬಸ್ಸಿಗೆ ದಾವಣಗೆರೆ ಆವೃತ್ತಿಯ ಪತ್ರಿಕೆ ಬರುತ್ತದೆ, ಬಸ್ ಸ್ಟ್ಯಾಂಡಿನವನು ಅದನ್ನೂ ಮಾರುತ್ತಾನೆ. ನನಗೆ ಸಿಕ್ಕದ್ದು ಅದು. ನಿಮ್ಮದು ಬಳ್ಳಾರಿ ಆವೃತ್ತಿ. ನಾನು ಓದಿದ ನಾಲ್ಕನೇ ಪುಟದ ಎಡಗಡೆ ಕೆಳಗೆ 'ಕಂಪ್ಯೂಟರ್ ಆಟಗಳಿಂದ ಹಾದಿ ತಪ್ಪುತ್ತಿರುವ ಯುವಕರು' ಎಂಬ ಬರಹವಿತ್ತು. ನಾನು ಒಪ್ಪಿಕೊಂಡದ್ದು ಅದನ್ನು.

ಈಗ ಬಿಡಿಸಿ ಹೇಳುತ್ತೇನೆ. ದೊಡ್ಡೂರು ಎಲ್ಲಿಯೂ ಇಲ್ಲ. ಅದು ಕಂಪ್ಯೂಟರಿನ ಆಟ. ಪರದೆಯ ಮೇಲೆ ಒಂದು ಊರು, ಅದರಲ್ಲಿ ಒಬ್ಬ ಪುಂಡ. ಗುಂಡಿ ಒತ್ತಿ ಅವನನ್ನು ನಾವು ಓಡಾಡಿಸುತ್ತೇವೆ. ಅವನಿಗೆ ಒಪ್ಪಿಸುವ ಒಂದೊಂದು ಕೆಲಸಕ್ಕೂ ಇಂಗ್ಲಿಷಿನಲ್ಲಿ ಮಿಷನ್ ಎನ್ನುತ್ತಾರೆ. ಕಾರು ಕದಿಯುವುದು, ಹೊಡೆಯುವುದು ಎಲ್ಲ ಪರದೆಯ ಒಳಗೇ. ನಡುವೆ ಕರೆಂಟ್ ಹೋದರೆ ಆಡಿ ಮುಗಿಸಿದ್ದು ಅಳಿಸಿ ಹೋಗುತ್ತದೆ. ನನ್ನ ಕಂಪ್ಯೂಟರ್ ಕೇಂದ್ರದಲ್ಲಿ ಈಗ ಹುಡುಗರು ಹೆಚ್ಚಾಗಿ ಆಡುವುದು ಇದನ್ನೇ. ನಾನೂ ಆಡುತ್ತೇನೆ. ನಿಮಗೆ ಮುಚ್ಚಿಟ್ಟದ್ದು ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ.

ಗವಿಸಿದ್ದೇಶ


ಕೊಟ್ಟೂರು
1 ಮಾರ್ಚ್ 2006

ಮಾವನವರಿಗೆ,

ಶಿವರಾತ್ರಿ ಆಯಿತು. ನಿಮ್ಮಿಂದ ಪತ್ರವಿಲ್ಲ. ನಾಗಕ್ಕನ ಮಿಷನ್ ಕುಡ್ಲಿಗಿಯಿಂದ ಬಂದಿದೆ, ಮೊದಲಿಗಿಂತ ಸದ್ದು ಕಡಿಮೆ. ಮಂಜಣ್ಣ ತಿದ್ದುಪಡಿ ಕಳಿಸಿದ್ದಾನಂತೆ, ಇನ್ನೂ ಬಂದಿಲ್ಲ. ನಾಗಕ್ಕ ಅದರಲ್ಲಿಯೂ ತನ್ನ ಹೆಸರು ಹಾಕಬೇಕು ಎಂದಿದ್ದಾಳೆ.

ಕಳ್ಳನಲ್ಲ ಎಂದು ತಿಳಿದ ಮೇಲೂ ನೀವು ಸುಮ್ಮನಿದ್ದೀರಿ. ಆಟದ ಅಂಗಡಿಯವನು ಕಳ್ಳನಿಗಿಂತ ಕಡಿಮೆಯೋ? ಅವ್ವ ದಿನಾ ಅಂಚೆಯ ಹನುಮಣ್ಣನ ದಾರಿ ಕಾಯುತ್ತಾಳೆ. "ಅಣ್ಣ ಏನಂದ?" ಎಂದು ಕೇಳುತ್ತಾಳೆ. ಏನು ಹೇಳಲಿ?

ಗವಿಸಿದ್ದೇಶ


ಹೂವಿನಹಡಗಲಿ
7 ಮಾರ್ಚ್ 2006

ಚಿ. ಗವಿಸಿದ್ದೇಶನಿಗೆ ಆಶೀರ್ವಾದ.

ತಡವಾಯಿತು. ಏನು ಬರೆಯಬೇಕು ಎಂದು ತಿಳಿಯಲಿಲ್ಲ, ಅದಕ್ಕೇ ಬರೆಯಲಿಲ್ಲ.

ನಿನ್ನನ್ನು ಕಳ್ಳ ಎಂದದ್ದು ತಪ್ಪು. ದಿನಾ ಬೆಳಿಗ್ಗೆ ಹರಪನಹಳ್ಳಿಗೆ ಯಾವ ಆವೃತ್ತಿ, ಕೊಟ್ಟೂರಿಗೆ ಯಾವುದು ಎಂದು ಕಟ್ಟು ಬಿಚ್ಚುವ ನಾನೇ ಅದನ್ನು ಮರೆತೆ. ಆದರೆ ಒಂದು ಗೊಂದಲ ಹೋಗಿ ಇನ್ನೊಂದು ಬಂದಿದೆ. ಕದಿಯುವುದನ್ನು ಆಟವಾಗಿ ಆಡುವುದು ಯಾಕೆ? ನೀನು ನಿಜವಾಗಿ ಕದ್ದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಸುಳ್ಳು ಊರಿನಲ್ಲಿ ಸುಳ್ಳು ಕಾರು ಕದ್ದವನಿಗೆ ಮಗಳನ್ನು ಕೊಡಬೇಕೋ ಬೇಡವೋ ಎಂದು ಯಾರನ್ನು ಕೇಳಲಿ?

ಕೊನೆಗೆ ಪತ್ರಗಳನ್ನೆಲ್ಲ ವಾಣಿಯ ಮುಂದೆ ಇಟ್ಟೆ. ಅವಳು ಎರಡನೆಯ ಪತ್ರ ಓದುತ್ತಲೇ ನಗಲು ಶುರುಮಾಡಿದಳು. ನನ್ನ ಪತ್ರದ ನಕಲುಗಳನ್ನು ಓದುವಾಗ ನಗು ನಿಂತಿತು. ಕಣ್ಣೊರೆಸಿಕೊಂಡು, "ಇಷ್ಟು ದಿನ ನನ್ನ ಒಂದು ಮಾತು ಕೇಳಬಾರದಿತ್ತೇನಪ್ಪ? ಇದ್ರಾಗಿನ ದೋಣಿ ಮಿಷನ್ ನಾನ ಮುಗಿಸಿ ಕೊಟ್ಟೀನಿ. ದೀಪಾವಳಿ ರಜಕ್ಕ ಅತ್ತಿ ಮನಿಗೆ ಹೋಗಿದ್ನಲ್ಲ, ಆವಾಗ. ಅವಗ ನೀರಾಗ ದೋಣಿ ತಿರುಗಸಾಕ ಬರಂಗಿಲ್ಲ" ಎಂದಳು.

ನನ್ನ ಮಗಳು! ಮಕ್ಕಳಿಗೆ ಪಾಠ ಹೇಳುವವಳು! ದೋಣಿಯಲ್ಲಿ ಏನು ಸಾಗಿಸಿದಿ ಎಂದು ಕೇಳಿದೆ. "ಅದನ್ನ ಕೇಳಬ್ಯಾಡ ಬಿಡು" ಎಂದು ಒಳಗೆ ಹೋದಳು.

ನೋಡದೆ ತೀರ್ಮಾನ ಮಾಡುವುದಿಲ್ಲ. ಬರುವ ಭಾನುವಾರ ಬರುತ್ತೇನೆ. ಅಂಗಡಿ ಮುಚ್ಚಬೇಡ, ಹುಡುಗರನ್ನು ಓಡಿಸಬೇಡ. ದಿನಾ ಹೇಗಿರುತ್ತದೋ ಹಾಗೆಯೇ ಇರಲಿ.

ವೀರಭದ್ರಯ್ಯ


ಹೂವಿನಹಡಗಲಿ
16 ಮಾರ್ಚ್ 2006

ಚಿ. ಗವಿಸಿದ್ದೇಶನಿಗೆ ಆಶೀರ್ವಾದ.

ಸುಖವಾಗಿ ಊರು ಮುಟ್ಟಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರಿಗೆ ಬಂದ ಪ್ರತಿ ಕಾರನ್ನೂ ನೋಡಿ, ಇದರ ಬಾಗಿಲು ಯಾವ ಕಡೆ ತೆಗೆಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ನಂತರ ನಾಚಿಕೆಯಾಯಿತು.

ನಾನು ನಿನಗೆ ಒಳ್ಳೆಯದು ಕೆಟ್ಟದ್ದು ಬರೆ ಎಂದಿದ್ದೆ. ಈಗ ನಾನೂ ಬರೆಯಬೇಕಾದ್ದು ನ್ಯಾಯ.

ಒಳ್ಳೆಯದು ಇದೆ. ಅಷ್ಟು ದೊಡ್ಡ ಊರನ್ನು, ಬೀದಿ, ಸೇತುವೆ, ದೀಪದ ಕಂಬ ಸಮೇತ ಯಾರೋ ಕೂತು ಕಟ್ಟಿದ್ದಾರೆ. ಸಂಜೆಯಾಗುತ್ತದೆ, ಮಳೆ ಬರುತ್ತದೆ, ಜನ ಬೇಗ ಬೇಗ ನಡೆಯುತ್ತಾರೆ. ಸಮುದ್ರದ ದಂಡೆಯಲ್ಲಿ ನಾನು ಆ ಪುಂಡನನ್ನು ಸುಮ್ಮನೆ ನಿಲ್ಲಿಸಿದಾಗ ನಿನ್ನ ಗಿರಾಕಿಗಳು ಚಡಪಡಿಸಿದರು. "ಅಜ್ಜಾರ, ಏನರ ಮಾಡ್ರಿ" ಎಂದು ಕೂಗಿದ ಒಬ್ಬ. ನಾನು ಮಾಡುತ್ತಿದ್ದೆ, ನೋಡುತ್ತಿದ್ದೆ. ನಾನು ಹುಟ್ಟಿದ ಮೇಲೆ ಸಮುದ್ರ ಕಂಡವನಲ್ಲ. ನೀನು ರೇಡಿಯೊ ಹೊಗಳಿದ್ದೆ, ಅದು ಮಾತ್ರ ನನಗೆ ಕೇಳಿಸಲಿಲ್ಲ.

ಕೊರತೆಯನ್ನು ನೀನು ಸರಿಯಾಗಿ ನೋಡಿಲ್ಲ. ಪೊಲೀಸರು ದಡ್ಡರು ಎಂಬುದು ದೊಡ್ಡ ಕೊರತೆಯಲ್ಲ. ಅಷ್ಟು ಮನೆಗಳಿವೆ, ಒಂದರ ಬಾಗಿಲಾದರೂ ತೆರೆಯುವುದಿಲ್ಲ. ಗೋಡೆಗೆ ಬಾಗಿಲಿನ ಚಿತ್ರ ಬರೆದಿದ್ದಾರೆ. ಹಾಗಾದರೆ ಬೀದಿಯಲ್ಲಿ ನಡೆಯುವ ಜನ ಎಲ್ಲಿಂದ ಬಂದರು, ಸಂಜೆ ಎಲ್ಲಿಗೆ ಹೋಗುತ್ತಾರೆ? ರಸ್ತೆ ಬದಿಯಲ್ಲಿ ಪತ್ರಿಕೆ ಡಬ್ಬಿ ಇತ್ತು, ನನ್ನ ಕಣ್ಣು ಅದಕ್ಕೇ ಹೋಯಿತು. ಕಾರು ತಾಗಿದರೆ ಹಾಳೆ ಹಾರುತ್ತವೆ, ಓದಲು ಬರುವುದಿಲ್ಲ. ಊರಿನಲ್ಲಿ ದಿನಾ ಅಷ್ಟು ಕಳವು, ಅಷ್ಟು ಕೊಲೆ, ಮರುದಿನ ಸುದ್ದಿಯೇ ಇಲ್ಲ.

ನನ್ನ ಕೈಯಲ್ಲಿ ಒಬ್ಬ ಮುದುಕನಿಗೆ ಕಾರು ತಾಗಿತಲ್ಲ, ಆಗ ಇಳಿದು ನೀರು ಕೊಡಬೇಕು, ಯಾವ ಗುಂಡಿ ಎಂದು ಕೇಳಿದೆ. ಹುಡುಗರೆಲ್ಲ ನಕ್ಕರು. ಹೊಡೆಯಲು ಗುಂಡಿ ಇದೆ, ಕಾರು ಕಸಿಯಲು ಗುಂಡಿ ಇದೆ, ಒದೆಯಲೂ ಇದೆ. ಮಾತಾಡಿಸಲು ಇಲ್ಲ. ಅಷ್ಟು ಖರ್ಚು ಮಾಡಿದವರಿಗೆ ಇನ್ನೊಂದು ಗುಂಡಿ ಭಾರವಾಗಿತ್ತೇ?

ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಇದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಟ್ಯಾಕ್ಸಿಯವನನ್ನು ಎಳೆದು ಹೊರಗೆ ಹಾಕಿದಾಗ ಹುಡುಗರು "ಅಜ್ಜ ಟ್ಯಾಕ್ಸಿ ಎತ್ತಿದ!" ಎಂದು ಕೂಗಿದರು, ನನಗೂ ನಗು ಬಂತು. ಯಾಕೆ ಬಂತೋ, ಇನ್ನೂ ತಿಳಿದಿಲ್ಲ.

ನಾನು ತೀರ್ಮಾನಿಸಿದ್ದು ಇದರಿಂದಲ್ಲ. ನೀನು ಮೊದಲು ಆಡಿ ತೋರಿಸಿದೆಯಲ್ಲ, ಆಗ ಒಂದು ಚೌಕದಲ್ಲಿ ದೀಪ ಕೆಂಪಾಯಿತು. ನೀನು ಕಾರು ನಿಲ್ಲಿಸಿದೆ. ಹಿಂದೆ ನಿಂತ ಹುಡುಗ ನನಗೂ ಕೇಳುವಷ್ಟು ಜೋರಾಗಿ ಬೈದ: "ಯಾಕ ನಿಂತ್ಯೋ ಮಾರಾಯ, ಆ ದೀಪ ಸುಳ್ಳ ಐತಿ." ನಾನು, "ಸುಳ್ಳ ಇದ್ರ ಯಾಕ ಹಚ್ಯಾರ?" ಎಂದೆ. ನೀನು ಹಸಿರು ಬರುವವರೆಗೆ ಕಾದೆ.

ಹಿಡಿಯುವವರಿಲ್ಲ, ಕೇಳುವವರಿಲ್ಲ, ನಿಲ್ಲದಿದ್ದರೆ ಏನೂ ಆಗುವುದಿಲ್ಲ. ಅಂಥ ಊರಿನಲ್ಲಿ ನೀನು ನಿಂತೆ. ಇದು ನಾನು ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದಲ್ಲ. ನಿನ್ನ ಅತ್ತೆಗೂ ಇದನ್ನೇ ಹೇಳಿದ್ದೇನೆ. ಯುಗಾದಿ ಮುಗಿದ ಮೇಲೆ ಅವ್ವನನ್ನು ಕರೆದುಕೊಂಡು ಬಾ. ನಿಶ್ಚಯ ಮಾಡಿಬಿಡೋಣ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆ ಆಟದ ಅಂಗಡಿ ಇಟ್ಟಿದ್ದಾನೆ ಎಂದು ನಾನೇ ಹೇಳುತ್ತೇನೆ. ಮಿಷನ್ ಎಂಬ ಮಾತು ಮಾತ್ರ ಯಾರೂ ಎತ್ತಬೇಡಿ.

ವೀರಭದ್ರಯ್ಯ


ಕೊಟ್ಟೂರು
20 ಮಾರ್ಚ್ 2006

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಮಂಡಿನೋವು ಮರೆತು ಎದ್ದು ನಾಗಕ್ಕನ ಮನೆಗೆ ಹೋದಳು. ಕುಪ್ಪಸ ಹೊಲಿಸಬೇಕಂತೆ.

ಆದರೆ ಒಂದು ಸಂಗತಿ ನನ್ನೊಳಗೆ ಕೊರೆಯುತ್ತಿದೆ. ನೀವು ಕಂಡದ್ದರ ಮೇಲೆ ಮಗಳನ್ನು ಕೊಡುತ್ತಿದ್ದೀರಿ. ನೀವು ಕಂಡದ್ದು ಅರ್ಧ. ನಾನು ದೊಡ್ಡೂರಿನಲ್ಲಿ ಇದುವರೆಗೆ ಒಮ್ಮೆಯೂ ಕೆಂಪು ದೀಪಕ್ಕೆ ನಿಂತವನಲ್ಲ. ಯಾರೂ ನಿಲ್ಲುವುದಿಲ್ಲ. ಕೊಟ್ಟೂರಿನಲ್ಲಿ ಅಂಥ ದೀಪವೇ ಇಲ್ಲ, ನನಗೆ ಆ ರೂಢಿಯೂ ಇಲ್ಲ. ಅಂದು ನಿಂತದ್ದು ಯಾಕೆಂದರೆ ನೀವು ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಿರಿ.

ಮತ್ತೊಮ್ಮೆ ತಪ್ಪು ತಿಳಿವಳಿಕೆಯಿಂದ ನನಗೆ ಒಳ್ಳೆಯದಾಗುವುದು ಬೇಡ. ಇದನ್ನು ಓದಿ ನೀವು ಬೇಡ ಅಂದರೂ ನಾನು ಏನೂ ಅನ್ನುವುದಿಲ್ಲ.

ಗವಿಸಿದ್ದೇಶ


ಹೂವಿನಹಡಗಲಿ
24 ಮಾರ್ಚ್ 2006

ಚಿ. ಗವಿಸಿದ್ದೇಶನಿಗೆ ಆಶೀರ್ವಾದ.

ಕಾರ್ಡಿನಲ್ಲಿಯೇ ಬರೆಯುತ್ತಿದ್ದೇನೆ. ಅಂಚೆಯವರು ಓದಿದರೆ ಓದಲಿ.

ನನಗೆ ಗೊತ್ತಿತ್ತು. ದೀಪ ಕೆಂಪಾದಾಗ ನೀನು ದೀಪ ನೋಡಲಿಲ್ಲ, ಕತ್ತು ತಿರುಗಿಸಿ ನನ್ನ ಮುಖ ನೋಡಿದೆ. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಹಿಂದೆ ಕೂತವರ ಮುಖ ತಿರುಗಿ ನೋಡುವವನಾದರೆ ನನಗೆ ಅಷ್ಟು ಸಾಕು.

ನಿನ್ನ ಪತ್ರವನ್ನು ವಾಣಿಗೆ ಕೊಟ್ಟೆ. ಓದಿ, ಮಡಿಚಿ, ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: "ಇನ್ನ ಮ್ಯಾಲ ಆ ಸ್ಟೂಲಿನ ಮ್ಯಾಲ ನಾ ಕುಂದರ್ತೀನಿ ಅಂತ ಬರಿಯಪ್ಪ."

ವೀರಭದ್ರಯ್ಯ